ಜ್ವಾಲಾಮುಖಿ ನೋಡಲು ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಕೋಡಿಬಾಗ ಟೀಚರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ, ನಗಬೇಡಿ.

ಅಪ್ಪನಿಗೆ ಈಗ 68. ಹರೆಯದಲ್ಲಿ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದರು. 1991ರಲ್ಲಿ ಅಂಡಮಾನ್ ಕಡೆ ಹೋಗುವಾಗ ಒಂದು ರಾತ್ರಿ ಮೇಲಿನಿಂದ ಯಾರೋ ಕೂಗಿದರಂತೆ. ಇವರು ಎಣ್ಣೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಡೆಕ್ಕಿಗೆ ಓಡಿದರಂತೆ. ದೂರದಲ್ಲಿ, ಕಪ್ಪು ನೀರಿನ ಮೇಲೆ, ಒಂದು ಕೆಂಪು ಚುಕ್ಕೆ. ಬೀಡಿ ಎಳೆದಾಗ ತುದಿ ಕೆಂಪಾಗಿ ಆಮೇಲೆ ಮಂಕಾಗುತ್ತದಲ್ಲ, ಹಾಗೆ. ಅದು ಬ್ಯಾರನ್ ದ್ವೀಪದ ಜ್ವಾಲಾಮುಖಿ ಅಂತ ಆಮೇಲೆ ಗೊತ್ತಾಯಿತಂತೆ.

ಈ ಕಥೆ ನಾನು ನೂರು ಸಲ ಕೇಳಿದ್ದೇನೆ. ಮೊನ್ನೆ ಬಂಗಡೆ ಸಾರಿನಲ್ಲಿ ಅನ್ನ ಕಲಸುತ್ತಾ, ಇದ್ದಕ್ಕಿದ್ದ ಹಾಗೆ "ಅದನ್ನು ಒಂದ್ಸಲ ಹತ್ತಿರದಿಂದ ನೋಡಬೇಕಿತ್ತು" ಅಂದರು. ಅಪ್ಪ ಯಾವತ್ತೂ ಇದು ಬೇಕು, ಅದು ಬೇಕು ಅಂದವರಲ್ಲ. ಹಾಗಾಗಿ ನನಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಾನು, ನಮ್ಮೆಜಮಾನರು, ಅಪ್ಪ, ಮೂರು ಜನ. ಏಪ್ರಿಲ್-ಮೇ ಶಾಲೆಗೆ ರಜೆ. ಮೂರು ಲಕ್ಷದ ಒಳಗೆ ಆಗಬೇಕು. ಅಪ್ಪನಿಗೆ ಮೊಣಕಾಲು ಗಟ್ಟಿ ಇದೆ. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಉಬ್ಬಸ. ಎಲ್ಲಿಗೆ ಹೋಗಬಹುದು? ಹೋಗಿ ಬಂದವರು ಯಾರಾದರೂ ಇದ್ದೀರಾ?

ಅಂಕೋಲೆ ಟು ಬೆಂಗಳೂರು

ಅಕ್ಕ, ಇಂಡೋನೇಷ್ಯಾ. ಬೇರೆ ಯೋಚನೆಯೇ ಬೇಡ. ಜೀವಂತ ಜ್ವಾಲಾಮುಖಿಗಳೇ ಅಲ್ಲಿ 120ಕ್ಕೂ ಜಾಸ್ತಿ ಇವೆ. ನಮ್ಮವರಿಗೆ ವೀಸಾದ ತಲೆನೋವಿಲ್ಲ. ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಮಾಡಿಸಬಹುದು, ಇಳಿದ ಮೇಲೂ ಸಿಗುತ್ತದೆ. 30 ದಿನಕ್ಕೆ 5 ಲಕ್ಷ ರುಪಿಯಾ. ಗಾಬರಿಯಾಗಬೇಡಿ, ನಮ್ಮ ದುಡ್ಡಲ್ಲಿ ಮೂರು ಸಾವಿರದ ಆಸುಪಾಸು. ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳಾದರೂ ಆಯುಷ್ಯ ಇರಬೇಕು, ಅಪ್ಪನದ್ದು ಇವತ್ತೇ ತೆಗೆದು ನೋಡಿ. ಕಾರವಾರದಲ್ಲಿ ಪಂಚಗಂಗಾ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಬಾಲಿಗೆ 2024ರಿಂದ ನೇರ ವಿಮಾನ ಇದೆ.

ನಾನು ಹೋಗಿದ್ದು ಇಜೆನ್‌ಗೆ. ಪೂರ್ವ ಜಾವಾದ ಕೊನೆಯಲ್ಲಿದೆ. ರಾತ್ರಿ 2 ಗಂಟೆಗೆ ಪಾಲ್ತುಡಿಂಗ್ ಅನ್ನುವಲ್ಲಿಂದ ಹತ್ತಬೇಕು, 3 ಕಿಲೋಮೀಟರ್ ಏರು. ಮೇಲಿನಿಂದ ಮತ್ತೆ ಕುಳಿಯೊಳಗೆ ಇಳಿದರೆ ನೀಲಿ ಬೆಂಕಿ. ಅದು ಲಾವಾ ಅಲ್ಲ. ಬಿರುಕಿನಿಂದ ನುಗ್ಗುವ ಗಂಧಕದ ಅನಿಲ ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುವುದು. ಕತ್ತಲಲ್ಲಿ ಮಾತ್ರ ಕಾಣುತ್ತದೆ. ಬೆಳಕು ಹರಿದರೆ ಅದೇ ಜಾಗದಲ್ಲಿ ಬರೀ ಹಳದಿ ಹೊಗೆ. ಕೆಳಗೆ ಹಸಿರು ಕೆರೆ, ಸುಮಾರು ಒಂದು ಕಿಲೋಮೀಟರ್ ಅಗಲ. ನೋಡಿದರೆ ಧುಮುಕೋಣ ಅನಿಸುತ್ತದೆ. ಧುಮುಕಿದರೆ ಕಥೆ ಮುಗಿಯಿತು, ಅದು ಬ್ಯಾಟರಿಯ ಆಸಿಡ್ ಇದ್ದ ಹಾಗೆ.

ನನಗೆ ಬೆಂಕಿಗಿಂತ ನೆನಪಲ್ಲಿ ಉಳಿದದ್ದು ಗಂಧಕ ಹೊರುವವರು. ಬಿದಿರಿನ ಅಡ್ಡೆಗೆ ಎರಡು ಬುಟ್ಟಿ, ಒಟ್ಟು 70-80 ಕಿಲೋ. ಏರುವಾಗ ಹೆಜ್ಜೆ ಹೆಜ್ಜೆಗೂ ಆ ಬಿದಿರು ಕಿರ್ರ್ ಅನ್ನುತ್ತದೆ. ಕತ್ತಲಲ್ಲಿ ಮೊದಲು ಆ ಸದ್ದು ಬರುತ್ತದೆ, ಆಮೇಲೆ ಮನುಷ್ಯ. ಹೆಗಲ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟು. ಆ ಗಂಧಕ ಸಕ್ಕರೆ ಬಿಳಿ ಮಾಡಲು ಹೋಗುತ್ತದೆ ಅಂತ ಗೈಡ್ ಹೇಳಿದ. ಬಂದ ಮೇಲೆ ಒಂದು ವಾರ ಚಹಾಕ್ಕೆ ಬೆಲ್ಲ ಹಾಕಿಕೊಂಡೆ. ಆಮೇಲೆ ಮತ್ತೆ ಸಕ್ಕರೆ.

ಇಜೆನ್‌ಗೇ ಹೋಗಿ ಅಕ್ಕ. ಅಪ್ಪ ಖುಷಿಯಾಗುತ್ತಾರೆ.

ಕುಮಟಾ ಡಾಕ್ಟರ್

ಟೀಚರ್ ಬರೆದದ್ದರಲ್ಲಿ "ಉಬ್ಬಸ" ಅನ್ನುವ ಶಬ್ದ ಇದೆ. ಮೇಲಿನವರು ಅದನ್ನು ಓದಿದ ಹಾಗೆ ಕಾಣುವುದಿಲ್ಲ.

ಇಜೆನ್ ಬೇಡ. ಅಲ್ಲಿ ಜಾಸ್ತಿ ಬರುವುದು ಗಂಧಕದ ಡೈಆಕ್ಸೈಡ್. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಚುಚ್ಚುತ್ತದಲ್ಲ, ಅದೇ ವಾಸನೆ. ನಮಗೆ ನಿಮಗೆ ಕೆಮ್ಮು ಬರುತ್ತದೆ, ಕಣ್ಣೀರು ಬರುತ್ತದೆ, ಮುಗಿಯಿತು. ಉಬ್ಬಸದವರಿಗೆ ಅದರಲ್ಲಿ ಸ್ವಲ್ಪವೇ ಸಾಕು, ಕೆಲವೇ ನಿಮಿಷದಲ್ಲಿ ಶ್ವಾಸನಾಳ ಬಿಗಿಯುತ್ತದೆ. ಆಗ ಅವರು ಕುಳಿಯ ತಳದಲ್ಲಿರುತ್ತಾರೆ, ಮೇಲೆ ಬರಲು ಮುಕ್ಕಾಲು ಗಂಟೆ ಏರಬೇಕು. ಹೇಗೆ ತರುತ್ತೀರಿ?

ಮಾಸ್ಕ್ ಬಗ್ಗೆ ಎಲ್ಲರಿಗೂ ತಪ್ಪು ತಿಳಿವಳಿಕೆ ಇದೆ. ಎನ್95 ಬೂದಿಯನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಒದ್ದೆ ಬಟ್ಟೆಯನ್ನು ನಂಬಬೇಡಿ. ಅನಿಲಕ್ಕೆ ಡಬ್ಬಿ ಕೂರಿಸಿದ ಬೇರೆಯದೇ ಮಾಸ್ಕ್ ಬೇಕು. ಬಾಡಿಗೆಗೆ ಕೊಡುವ ಮಾಸ್ಕಿನ ಡಬ್ಬಿ ಯಾವಾಗ ಬದಲಾಯಿಸಿದ್ದೋ ಕೊಟ್ಟವನಿಗೇ ಗೊತ್ತಿರುವುದಿಲ್ಲ. ಮತ್ತೆ, ಅದನ್ನು ಹಾಕಿಕೊಂಡು ಉಸಿರೆಳೆಯುವುದೇ ಉಬ್ಬಸದವರಿಗೆ ಒಂದು ಕೆಲಸ. ಕೊಳೆತ ಮೊಟ್ಟೆಯ ವಾಸನೆ ಬರುವ ಇನ್ನೊಂದು ಅನಿಲವೂ ಇದೆ. ಅದು ತುಂಬಾ ಜಾಸ್ತಿಯಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. "ಈಗ ವಾಸನೆ ಹೋಯಿತು, ಪರವಾಗಿಲ್ಲ" ಅಂದುಕೊಳ್ಳುವ ಹಾಗಿಲ್ಲ.

ಜ್ವಾಲಾಮುಖಿ ನೋಡಲೇಬಾರದು ಅನ್ನುತ್ತಿಲ್ಲ. ದೂರದಿಂದ, ಗಾಳಿ ಬರುವ ಕಡೆಗೆ ಬೆನ್ನು ಹಾಕಿ, ಬಯಲಲ್ಲಿ ನಿಂತು ನೋಡುವ ಜಾಗ ಹುಡುಕಿ. ಇನ್ಹೇಲರ್ ಅಂಗಿಯ ಜೇಬಿನಲ್ಲಿರಲಿ. ಬ್ಯಾಗಿನಲ್ಲಿ, ಜೀಪಿನಲ್ಲಿ, ಹೋಟೆಲಿನಲ್ಲಿ ಅಲ್ಲ.

ಅಂಕೋಲೆ ಟು ಬೆಂಗಳೂರು

ತಪ್ಪಾಯಿತು ಡಾಕ್ಟ್ರೇ. ಓದಿದ್ದೆ, ತಲೆಗೆ ಹೋಗಲಿಲ್ಲ. ಅಲ್ಲಿ ಹತ್ತುವ ಮೊದಲು ವೈದ್ಯರ ಸರ್ಟಿಫಿಕೇಟ್ ಕೇಳುತ್ತಾರೆ, ಅದನ್ನೂ ಹೇಳಬೇಕಿತ್ತು.

ಗೋಕರ್ಣ ಕಾಯಿಕಡಿ

ಇಷ್ಟು ದೂರ ಯಾಕೆ ಮಾರಾಯ್ರೆ? ನಮ್ಮ ಯಾಣ ಇದೆಯಲ್ಲ. ಅದೂ ಜ್ವಾಲಾಮುಖಿಯೇ ಅಲ್ವಾ? ಕಪ್ಪು ಬಂಡೆ, ಸುತ್ತ ಕಪ್ಪು ಮಣ್ಣು. ಭಸ್ಮಾಸುರನ ಬೂದಿ ಅನ್ನುತ್ತಾರೆ.

ಕಲ್ಲು ಬಡಿಯುವವ

ಅಲ್ಲ ಅಲ್ಲ ಅಲ್ಲ. ನಾನು ಭೂಗರ್ಭಶಾಸ್ತ್ರ ಓದಿದವನು. ಪ್ರತಿ ಮದುವೆ ಮನೆಯಲ್ಲೂ ಈ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿದೆ. ಯಾಣದ ಭೈರವೇಶ್ವರ ಶಿಖರ, ಮೋಹಿನಿ ಶಿಖರ ಎರಡೂ ಸುಣ್ಣಕಲ್ಲು. ಕಪ್ಪಗಿದ್ದದ್ದೆಲ್ಲ ಸುಟ್ಟದ್ದಲ್ಲ. ಮಳೆನೀರು ಕೊರೆದು ಕೊರೆದು ಆದ ಆಕಾರ ಅದು. ಕಥೆ ಚೆಂದ ಇದೆ, ನನಗೂ ಇಷ್ಟ. ಲಾವಾ ಕಲ್ಲು ನೋಡಬೇಕು ಅಂದರೆ ಮಲ್ಪೆಯಿಂದ ದೋಣಿ ಹಿಡಿದು ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ. ಕಂಬ ಕಂಬವಾಗಿ ನಿಂತ ಆ ಕಲ್ಲು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಿತ್ತು ಹೋಗುವ ಕಾಲಕ್ಕೆ, ಉಕ್ಕಿ ತಣಿದದ್ದು. ಆದರೆ ಅದು ಸತ್ತು ಹೋದ ಬೆಂಕಿ. ಟೀಚರ್ ಅಪ್ಪನಿಗೆ ಬೇಕಾದದ್ದು ಅದಲ್ಲ.

ಅವರು ನೋಡಿದ್ದು ನಿಜವೇ ಇರಬೇಕು. ಬ್ಯಾರನ್ ದ್ವೀಪ ನೂರೈವತ್ತಕ್ಕೂ ಹೆಚ್ಚು ವರ್ಷ ಸುಮ್ನೆ ಮಲಗಿತ್ತು, 1991ರಲ್ಲಿ ಎದ್ದಿತು. ಭಾರತದಲ್ಲಿ ಈಗಲೂ ಉಗುಳುವ ಜ್ವಾಲಾಮುಖಿ ಅದೊಂದೇ. 2017ರ ಜನವರಿಯಲ್ಲಿ ನಮ್ಮ ಪಕ್ಕದ ಗೋವಾದ ಸಮುದ್ರ ವಿಜ್ಞಾನ ಸಂಸ್ಥೆಯವರು ತಳದ ಮಣ್ಣು ತೆಗೆಯಲು ಹೋದಾಗ ಅವರ ಎದುರಿಗೇ ಸಿಡಿಯಿತು. ಹಗಲಲ್ಲಿ ಬೂದಿಯ ಮೋಡ ಮಾತ್ರ ಕಂಡಿತು, ಸೂರ್ಯ ಮುಳುಗಿದ ಮೇಲೆ ಕೆಂಪು ಕಾರಂಜಿ. ಇದನ್ನು ಯಾಕೆ ಹೇಳಿದೆ ಅಂದರೆ, ಆ ಬೀಡಿ ತುದಿಯ ಕೆಂಪು ಬೇಕಿದ್ದರೆ ರಾತ್ರಿಯೇ ನೋಡಬೇಕು, ಮತ್ತು ಲಾವಾ ಮೇಲಕ್ಕೆ ಬರುತ್ತಿರುವ ಜಾಗವೇ ಬೇಕು. "ಜೀವಂತ ಜ್ವಾಲಾಮುಖಿ" ಅಂತ ಟಿಕೆಟ್ ಮಾರುವ ಕಡೆಯಲ್ಲೆಲ್ಲ ಕೆಂಪು ಸಿಗುವುದಿಲ್ಲ. ಹೆಚ್ಚಿನ ಕಡೆ ಸಿಗುವುದು ಹೊಗೆ.

ಕೋಡಿಬಾಗ ಟೀಚರ್

ಹಾಗಾದರೆ ಬ್ಯಾರನ್‌ಗೇ ಹೋಗಬಹುದಲ್ಲ ಸರ್?

ಕಲ್ಲು ಬಡಿಯುವವ

ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿಲೋಮೀಟರ್, ಊರಿಗೆ ಈಗ ಶ್ರೀ ವಿಜಯ ಪುರಂ ಅಂತ ಹೆಸರು. ದ್ವೀಪದಲ್ಲಿ ಪ್ರವಾಸಿಗಳು ಇಳಿಯುವಂತಿಲ್ಲ. ಅನುಮತಿ ಇರುವ ಹಡಗಿನಿಂದ ದೂರದಲ್ಲೇ ನೋಡಬೇಕು. ಅಪ್ಪ ಹಡಗಿನಿಂದ ನೋಡಿ ಆಗಿದೆ, ಹತ್ತಿರ ಬೇಕು ಅಂದಿದ್ದಾರಲ್ಲ.

ಹುಲೇಕಲ್ ತೋಟ

ನಾನು ಹೋದದ್ದು ಬ್ರೊಮೊ, ಅದೂ ಪೂರ್ವ ಜಾವಾದ ಜ್ವಾಲಾಮುಖಿಯೇ. ಕೊನೆ ಕೊಯ್ಲು ಮುಗಿದು, ಅಡಿಕೆ ವ್ಯಾಪಾರವೂ ಮುಗಿದ ಮೇಲೆ, ಏಪ್ರಿಲ್ ಕೊನೆಗೆ ನಾನೂ ಹೆಂಡತಿಯೂ ಹೊರಟೆವು. ಮಳೆ ಹಿಡಿದರೆ ಕೊಳೆಮದ್ದು ಹೊಡೆಯುವುದು ಶುರು, ತೋಟ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ನಮಗೆ ಸಿಗುವುದೇ ಆ ಕಿಂಡಿ. ಜಾವಾದಲ್ಲಿ ಮಳೆ ಕಡಿಮೆಯಾಗುವುದೂ ಆಗಲೇ, ಹಾಗಾಗಿ ಟೀಚರ್ ರಜೆಗೂ ಸರಿಹೊಂದುತ್ತದೆ. ಮೇ ತಿಂಗಳೇ ಇರಲಿ.

ಸುರಬಾಯಾದಲ್ಲಿ ಇಳಿದು ಕಾರಿನಲ್ಲಿ ಮೂರು-ನಾಲ್ಕು ಗಂಟೆ. ಚೆಮೊರೊ ಲಾವಾಂಗ್ ಅನ್ನುವ ಊರಲ್ಲಿ ಉಳಿದೆವು. ಊರು ಇರುವುದೇ ಒಂದು ದೊಡ್ಡ ಹಳೇ ಕುಳಿಯ ಅಂಚಿನ ಮೇಲೆ. ಬಾಗಿಲು ತೆಗೆದರೆ ಎಲೆಕೋಸಿನ ಗದ್ದೆ, ಗದ್ದೆ ಮುಗಿದಲ್ಲಿ ಪ್ರಪಾತ, ಕೆಳಗೆ ಮರಳಿನ ಬಯಲು. ಬೆಳಗಿನ ಜಾವ 3 ಗಂಟೆಗೆ ಜೀಪು ಬಂತು. ಪೆನಂಜಾಕನ್ ಅನ್ನುವ ಗುಡ್ಡದ ಮೇಲೆ ಬಿಟ್ಟರು, 2,770 ಮೀಟರ್. ಚಳಿ ಅಂದರೆ ಹಲ್ಲು ಕೂಡುವುದಿಲ್ಲ. ಶಿರಸಿಯವನಾದ ನನಗೇ ಹಾಗೆ, ಕಾರವಾರದವರ ಗತಿ ದೇವರೇ ಬಲ್ಲ. ನಿಮ್ಮ ಮನೆಯಲ್ಲಿ ಸ್ವೆಟರ್ ಅಂತ ಒಂದು ವಸ್ತು ಇದೆಯಾ?

ಬೆಳಕಾಗುತ್ತಿದ್ದ ಹಾಗೆ ಮೊದಲು ಕಾಣುವುದು ಮಡಿಕೆ ಮಡಿಕೆಯಾಗಿ ಹಸಿರಾಗಿರುವ ಒಂದು ಚೆಂದದ ಗುಡ್ಡ. ಎಲ್ಲರೂ ಅದನ್ನೇ ಬ್ರೊಮೊ ಅಂತ ಫೋಟೊ ಹೊಡೆಯುತ್ತಾರೆ. ಅದು ಬಾತೊಕ್. ಪಕ್ಕದಲ್ಲಿ ತಲೆ ಕತ್ತರಿಸಿದ ಹಾಗೆ ಬೋಳಾಗಿ, ಹೊಗೆ ಬಿಡುತ್ತಾ ಕೂತಿರುವುದೇ ಬ್ರೊಮೊ, 2,329 ಮೀಟರ್. ಹಿಂದೆ ದೂರದಲ್ಲಿ ಸೆಮೆರು, ಜಾವಾದಲ್ಲೇ ಎತ್ತರದ್ದು. ನಾವು ನಿಂತಿದ್ದಾಗ ಅದು ಒಂದು ಸಲ ಬುಸ್ ಅಂತ ಬೂದಿಯ ಮುದ್ದೆ ಬಿಟ್ಟಿತು. ಸದ್ದಿಲ್ಲ. ಹೂಕೋಸಿನ ಆಕಾರದಲ್ಲಿ ನಿಧಾನ ಅರಳಿತು, ಆಮೇಲೆ ಗಾಳಿಗೆ ಓರೆಯಾಯಿತು.

ಆಮೇಲೆ ಜೀಪು ಮರಳು ಬಯಲಿಗೆ ಇಳಿಯುತ್ತದೆ. ಅಲ್ಲಿಂದ ನಡೆಯಬೇಕು, ಕುದುರೆಯೂ ಸಿಗುತ್ತದೆ. ಕೊನೆಗೆ ಸುಮಾರು 250 ಮೆಟ್ಟಿಲು. ಮೆಟ್ಟಿಲೆಲ್ಲ ಬೂದಿಮರಳಲ್ಲಿ ಹೂತಿವೆ, ಎರಡು ಹೆಜ್ಜೆ ಹತ್ತಿದರೆ ಒಂದು ಜಾರುತ್ತದೆ. ಮೇಲೆ ಅಂಚು ಒಂದೆರಡು ಮಾರು ಅಗಲ, ಆ ಕಡೆ ಕುಳಿ. ನನಗೆ ಕಣ್ಣಿಗಿಂತ ಕಿವಿಗೆ ಜಾಸ್ತಿ ಸಿಕ್ಕಿತು. ಜೂನ್ ತಿಂಗಳಲ್ಲಿ ಅಘನಾಶಿನಿ ಉಕ್ಕಿ ಉಂಚಳ್ಳಿಯಲ್ಲಿ ಬೀಳುವಾಗ ಕಾಡಿನೊಳಗೆ ನಿಂತವನ ಎದೆಯಲ್ಲಿ ಒಂದು ಗುಂಯ್ ಅನ್ನುವುದು ಇರುತ್ತದಲ್ಲ, ಅದೇ. ನಿಲ್ಲುವುದೇ ಇಲ್ಲ.

ಅಲ್ಲಿನವರು ತೆಂಗ್ಗೆರ್ ಜನ, ಹಿಂದೂಗಳು. ಬೆಟ್ಟದ ಬುಡದಲ್ಲಿ ದೇವಸ್ಥಾನ ಇದೆ. ವರ್ಷಕ್ಕೊಮ್ಮೆ ಕಸಾದಾ ಅನ್ನುವ ಹಬ್ಬಕ್ಕೆ ಬೆಳೆದ ತರಕಾರಿ, ಕೋಳಿ, ಆಡು ಎಲ್ಲ ತಂದು ಕುಳಿಗೆ ಹಾಕುತ್ತಾರೆ. ಅಂಚಿನ ಮೇಲೆ ಒಂದು ಗಣಪತಿಯೂ ಇದ್ದಾನೆ. ಹೆಂಡತಿ ಊರಿಂದ ತಂದ ಬೆಲ್ಲದ ಚೂರು ಅವನೆದುರು ಇಟ್ಟಳು. ವಾಟ್ಸಾಪಿನಲ್ಲಿ ಓಡಾಡುವ "700 ವರ್ಷದಿಂದ ಇವನೇ ಜ್ವಾಲಾಮುಖಿ ತಡೆದಿದ್ದಾನೆ" ಅನ್ನುವ ಕಥೆಗೆ ಮಾತ್ರ ನಾನು ಜವಾಬ್ದಾರನಲ್ಲ. ಅದು 2010ರಲ್ಲೂ 2015ರಲ್ಲೂ ಸಿಡಿದಿದೆ.

ಊಟದ ಬಗ್ಗೆ ಬೇರೆ ಬರೆಯುತ್ತೇನೆ, ಅದೊಂದು ಪುರಾಣ.

ಕಲ್ಲು ಬಡಿಯುವವ

ಹುಲೇಕಲ್ ಭಾವ ಚೆಂದ ಬರೆದಿದ್ದಾರೆ. ಒಂದು ಸೇರಿಸುತ್ತೇನೆ. 2004ರ ಜೂನ್‌ನಲ್ಲಿ ಅದೇ ಬ್ರೊಮೊ ಇದ್ದಕ್ಕಿದ್ದ ಹಾಗೆ ಕಲ್ಲು ಎಸೆದು ಇಬ್ಬರು ಸತ್ತರು. ಹೆದರಿಸಲು ಹೇಳುತ್ತಿಲ್ಲ. ಮೆಟ್ಟಿಲು, ಜೀಪು, ಚಹಾದಂಗಡಿ ಇದೆ ಅಂದ ಮಾತ್ರಕ್ಕೆ ಅದು ದೇವಸ್ಥಾನದ ಗುಡ್ಡ ಅಲ್ಲ.

ಇಂಡೋನೇಷ್ಯಾದಲ್ಲಿ ಪ್ರತಿ ಜ್ವಾಲಾಮುಖಿಗೂ ಸರ್ಕಾರ ಒಂದು ಹಂತ ಕೊಡುತ್ತದೆ. ಒಂದು ನಾರ್ಮಲ್, ಎರಡು ವಾಸ್ಪಾದಾ, ಮೂರು ಸಿಯಾಗಾ, ನಾಲ್ಕು ಆವಾಸ್. ಹಂತದ ಜೊತೆಗೆ ಕುಳಿಯಿಂದ ಎಷ್ಟು ದೂರ ಇರಬೇಕು ಅಂತಲೂ ಬರೆದಿರುತ್ತದೆ. ಎಲ್ಲರೂ ನಂಬರ್ ನೋಡುತ್ತಾರೆ, ದೂರ ನೋಡುವುದಿಲ್ಲ. ನನ್ನ ಮಟ್ಟಿಗೆ ನಂಬರಿಗಿಂತ ಆ ದೂರವೇ ಮುಖ್ಯ. ಮಾಗ್ಮಾ ಇಂಡೋನೇಷ್ಯಾ ಅನ್ನುವ ಅವರದೇ ತಾಣದಲ್ಲಿ ಎಲ್ಲ ಸಿಗುತ್ತದೆ. ಹೊರಡುವ ವಾರ ದಿನಾ ನೋಡಿ, ಹತ್ತುವ ಹಿಂದಿನ ರಾತ್ರಿ ಮತ್ತೊಮ್ಮೆ ನೋಡಿ.

ಸುಮಾತ್ರಾದ ಮರಾಪಿ ಗೊತ್ತಿರಬಹುದು. ಅದು ವರ್ಷಗಟ್ಟಲೆ ಎರಡನೇ ಹಂತದಲ್ಲಿತ್ತು. ಕುಳಿಯಿಂದ 3 ಕಿಲೋಮೀಟರ್ ಒಳಗೆ ಹೋಗಬೇಡಿ ಅಂತ ಜ್ವಾಲಾಮುಖಿ ಇಲಾಖೆ ಹೇಳುತ್ತಲೇ ಇತ್ತು. ಆದರೆ ಹತ್ತಲು ಟಿಕೆಟ್ ಕೊಡುವವರು ಬೇರೆ. ಅವರು ಕೊಡುತ್ತಲೇ ಇದ್ದರು. 2023ರ ಡಿಸೆಂಬರ್ 3ರಂದು ಭಾನುವಾರ ಸಿಡಿಯಿತು, 24 ಜನ ಸತ್ತರು. ಬೆಟ್ಟವನ್ನು ನೋಡಿಕೊಳ್ಳುವವರು ಒಬ್ಬರು, ಗೇಟು ಕಾಯುವವರು ಇನ್ನೊಬ್ಬರು. ಗೇಟು ತೆರೆದಿದೆ ಅನ್ನುವುದು ಬೆಟ್ಟ ಕೊಟ್ಟ ಒಪ್ಪಿಗೆಯಲ್ಲ.

ಹಾಗಂತ ಹಂತವನ್ನೂ ಪೂರ್ತಿ ನೆಚ್ಚಬೇಡಿ. ಜಪಾನಿನ ಒಂಟಾಕೆ 2014ರ ಸೆಪ್ಟೆಂಬರ್ 27ರಂದು ಸಿಡಿದಾಗ ಅದಕ್ಕೆ ಇದ್ದದ್ದು ತೀರಾ ಕೆಳಗಿನ, ಒಂದನೇ ಹಂತ. ಶನಿವಾರ, ಊಟದ ಹೊತ್ತು, ತುದಿಯಲ್ಲಿ ಜನ ಬುತ್ತಿ ಬಿಚ್ಚಿ ಕೂತಿದ್ದರು. ಸತ್ತವರು, ಸಿಗದೇ ಹೋದವರು ಸೇರಿ 63. ಅದು ಲಾವಾ ಮೇಲೆ ಬಂದು ಆದದ್ದಲ್ಲ. ಒಳಗಿನ ನೀರು ಕಾದು ಹಬೆಯಾಗಿ ಒಮ್ಮೆಲೇ ಒಡೆದದ್ದು. ಗೇರುಬೀಜ ಸುಡುವಾಗ ನೋಡಿದ್ದೀರಲ್ಲ? ಇಷ್ಟು ಹೊತ್ತು ಸುಮ್ನೆ ಬೆಂಕಿಯಲ್ಲಿ ಬಿದ್ದಿರುತ್ತದೆ, ಒಂದು ಬೀಜ ಹೇಳದೇ ಕೇಳದೇ ಚಟ್ ಅಂತ ಸಿಡಿದು ಸೊನೆ ಮುಖಕ್ಕೆ ಹಾರುತ್ತದೆ. ಯಾವ ಬೀಜ, ಯಾವಾಗ ಅಂತ ಅಜ್ಜಿಗೂ ಗೊತ್ತಿರುವುದಿಲ್ಲ. ಆದರೆ ಅಜ್ಜಿ ದೂರ ಕೂತಿರುತ್ತಾಳೆ, ಉದ್ದ ಕೋಲು ಹಿಡಿದಿರುತ್ತಾಳೆ. ಅಂಚಿಗೆ ಹೋದರೆ ಹತ್ತು ನಿಮಿಷ ನೋಡಿ ಇಳಿಯಿರಿ. ಅಲ್ಲೇ ಕೂತು ಅವಲಕ್ಕಿ ತಿನ್ನಬೇಡಿ.

ಗೋಕರ್ಣ ಕಾಯಿಕಡಿ

ಅಪಾಯ ಅಪಾಯ ಅಂತ ಕೂತರೆ ಮನೆಯಿಂದ ಹೊರಗೇ ಹೋಗುವಂತಿಲ್ಲ. ಹಣೆಯಲ್ಲಿ ಬರೆದದ್ದು ತಪ್ಪುತ್ತದಾ? ಶಿರೂರಿನಲ್ಲಿ ಗುಡ್ಡ ಕುಸಿದಾಗ ಚಹಾ ಕುಡಿಯಲು ನಿಂತವರು ಏನು ಜ್ವಾಲಾಮುಖಿ ನೋಡಲು ಹೋಗಿದ್ದರಾ?

ಅಂಕೋಲೆ ಟು ಬೆಂಗಳೂರು

ನಮ್ಮ ಮನೆಯಿಂದ ಶಿರೂರು ದೂರ ಇಲ್ಲ. 2024ರ ಜುಲೈ 16ರ ಬೆಳಿಗ್ಗೆ ನನ್ನ ಮಾವ ಅದೇ ದಾರಿಯಲ್ಲಿ ಬರುವವರಿದ್ದರು. ಮಳೆ ಜಾಸ್ತಿ ಅಂತ ಹೊರಡಲಿಲ್ಲ. ಹಣೆಬರಹ ಇರಬಹುದು, ಅವರು ಮಳೆ ನೋಡಿದ್ದೂ ನಿಜ. ಅದನ್ನು ಇಲ್ಲಿ ವಾದಕ್ಕೆ ತರಬೇಡಿ ದಯವಿಟ್ಟು.

ಗೋಕರ್ಣ ಕಾಯಿಕಡಿ

ಸರಿ ತಮ್ಮಾ. ಹಾಗೆ ಹೇಳಬಾರದಿತ್ತು.

ತದಡಿ ಬೋಟು

ಜೂನ್ ಒಂದರಿಂದ ಜುಲೈ ಕೊನೆವರೆಗೆ ಬೋಟು ಬಂದರಿನಲ್ಲಿ. ಆ ಎರಡು ತಿಂಗಳೇ ನಮಗೆ ದೀಪಾವಳಿ ರಜೆ. 2025ರಲ್ಲಿ ನಾವು ನಾಲ್ಕು ಜನ ಗೆಳೆಯರು ಬಾಲಿಗೆ ಹೋಗಿದ್ದೆವು. ಬಾತುರ್ ಹತ್ತಿದೆವು, 1,717 ಮೀಟರ್, ಎರಡು ಗಂಟೆಯ ದಾರಿ. ಊರಿನ ಗೈಡ್ ಬಿಟ್ಟು ಹೋಗಲು ಬಿಡುವುದಿಲ್ಲ, ಚೌಕಾಸಿ ಮಾಡಬಹುದು. ಮೇಲೆ ಕಲ್ಲಿನ ಸಂದಿಯಿಂದ ಬರುವ ಹಬೆಯಲ್ಲಿ ಮೊಟ್ಟೆ ಬೇಯಿಸಿ ಕೊಡುತ್ತಾರೆ. ನಿಜವಾಗಿ ಬೇಯುತ್ತದೆ. ಸುಲಿಯುವಾಗ ಬೆರಳು ಸುಟ್ಟುಕೊಂಡೆ. ಅಲ್ಲಿನ ದೊಡ್ಡ ದೇವಸ್ಥಾನ ಮೊದಲು ಕೆಳಗೆ ಕೆರೆಯ ಹತ್ತಿರ ಇತ್ತಂತೆ. 1926ರಲ್ಲಿ ಲಾವಾ ಊರನ್ನೇ ನುಂಗಿದ ಮೇಲೆ ಊರು, ದೇವರು ಎರಡನ್ನೂ ಅಂಚಿನ ಮೇಲಕ್ಕೆ ತಂದು ಕಟ್ಟಿದರಂತೆ.

ಆದರೆ ನಾನು ಬರೆಯಬೇಕು ಅಂದುಕೊಂಡದ್ದು ಇದಲ್ಲ. ಹೊರಡುವ ದಿನ ಹತ್ತಿರ ಬಂತು, ಎಲ್ಲೋ ದೂರದ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿಯಿತು. ಬಾಲಿಯಲ್ಲಿ ನೀಲಿ ಆಕಾಶ, ಬಿಸಿಲು. ವಿಮಾನ ಮಾತ್ರ ಇಲ್ಲ. ನಾವು, ಇದೇನು ಮೋಸ ಅಂತ ಕೌಂಟರಿನಲ್ಲಿ ಜಗಳ ಮಾಡಿದೆವು. ಆಮೇಲೆ ಪಕ್ಕದಲ್ಲಿ ನಿಂತವರೊಬ್ಬರು ಹೇಳಿದರು, ಬೂದಿ ಅಂದರೆ ನಮ್ಮ ಒಲೆಯ ಬೂದಿಯಲ್ಲ, ಪುಡಿಯಾದ ಕಲ್ಲು, ಗಾಜು. ಎಂಜಿನ್ನಿನ ಶಾಖಕ್ಕೆ ಕರಗಿ ಒಳಗೆ ಅಂಟಿಕೊಂಡು ಎಂಜಿನ್ ನಿಲ್ಲುತ್ತದೆ ಅಂತ. 1982ರಲ್ಲಿ ಜಾವಾದ ಮೇಲೆ ಒಂದು ಜಂಬೋ ವಿಮಾನದ ನಾಲ್ಕೂ ಎಂಜಿನ್ ಹೀಗೇ ನಿಂತಿದ್ದವಂತೆ, ಕೆಳಗಿಳಿದ ಮೇಲೆ ಮತ್ತೆ ಶುರುವಾಗಿ ಜಕಾರ್ತಾದಲ್ಲಿ ಇಳಿಯಿತಂತೆ. ಇದನ್ನು ಕೇಳಿ ನಾವು ತೆಪ್ಪಗೆ ಕೂತೆವು. ಬೋಟಿನ ಎಂಜಿನ್ ನಿಂತರೆ ಲಂಗರು ಹಾಕಬಹುದು.

ಹಾಗಾಗಿ ಟೀಚರೇ, ಶಾಲೆ ಶುರುವಾಗುವ ಹಿಂದಿನ ದಿನಕ್ಕೆ ವಾಪಸ್ ಟಿಕೆಟ್ ಮಾಡಬೇಡಿ. ಮೂರು ದಿನ ಕೈಯಲ್ಲಿರಲಿ. ಅಪ್ಪನ ಗುಳಿಗೆ ಒಂದು ವಾರದ್ದು ಜಾಸ್ತಿ ಇರಲಿ.

ಇನ್ನೊಂದು ತಮಾಷೆ. ಬಾಲಿಯಿಂದ ಜಾವಾಕ್ಕೆ ಫೆರಿಯಲ್ಲಿ ದಾಟಿದೆವು. ಹತ್ತಿರ ಹತ್ತಿರ ಒಂದು ಗಂಟೆ. ಆದರೆ ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ. ಹೊರಟ ಹೊತ್ತಿಗೇ ತಲುಪಿದೆವು! ಒಬ್ಬ ಗೆಳೆಯ ಇವತ್ತಿಗೂ ಒಪ್ಪುವುದಿಲ್ಲ, ವಾಚು ಹಾಳಾಗಿತ್ತು ಅನ್ನುತ್ತಾನೆ.

ಸದಾಶಿವಗಡ

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಕಲಿತ ಪಾಠ. ಒಂದು ಏಜೆನ್ಸಿಯವರ ಹತ್ತಿರ ಪ್ಯಾಕೇಜ್ ತೆಗೆದುಕೊಂಡೆ. ಹೆಸರು ಬೇಡ. "ಜ್ವಾಲಾಮುಖಿ ಸೂರ್ಯೋದಯ ಗ್ಯಾರಂಟಿ" ಅಂತ ಬರೆದಿದ್ದರು. ಗ್ಯಾರಂಟಿ ಅಂತೆ! ಅಲ್ಲಿಗೆ ಹೋದಾಗ ಬೆಟ್ಟ ಬಂದ್. ದುಡ್ಡು ವಾಪಸ್ ಕೇಳಿದರೆ, ಪ್ರಕೃತಿ ವಿಕೋಪಕ್ಕೆ ನಾವು ಹೊಣೆಯಲ್ಲ ಅಂದರು. ಇನ್ಶೂರೆನ್ಸಿನವರೂ ಕೊಡಲಿಲ್ಲ. ಎಚ್ಚರಿಕೆ ಬಂದ ಮೇಲೆ ಪಾಲಿಸಿ ಮಾಡಿಸಿದ್ದೀರಿ, ಗೊತ್ತಿದ್ದ ವಿಷಯಕ್ಕೆ ಪರಿಹಾರ ಇಲ್ಲ ಅಂತ. ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು, ನಾನೇ ಓದಿರಲಿಲ್ಲ. ಟಿಕೆಟ್ ಮಾಡಿದ ದಿನವೇ ಪಾಲಿಸಿ ಮಾಡಿಸಿ. ಅಪ್ಪನ ಉಬ್ಬಸವನ್ನು ಮುಚ್ಚಿಡಬೇಡಿ, ಬರೆಸಿ. ಬೆಟ್ಟ ಹತ್ತುವುದು ಅದರಲ್ಲಿ ಸೇರಿದೆಯಾ ಅಂತ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಹುಲೇಕಲ್ ತೋಟ

ಊಟದ ಪುರಾಣ. ನಮ್ಮಂಥವರಿಗೆ ಮಾತ್ರ, ಬಂಗಡೆ ತಿನ್ನುವವರು ಮುಂದೆ ಹೋಗಿ.

ಜಾವಾದಲ್ಲಿ ತೆಂಪೆ ಅಂತ ಸಿಗುತ್ತದೆ, ಸೋಯಾಕಾಳನ್ನು ಹುದುಗಿಸಿ ಬಿಲ್ಲೆ ಮಾಡಿದ್ದು. ಕರಿದರೆ ಒಳ್ಳೇ ರುಚಿ. ನಾವು ನಾಲ್ಕು ದಿನ ಅದರ ಮೇಲೇ ಬದುಕಿದೆವು. ಮೋಸ ಆಗುವುದು ಖಾರದ ಚಟ್ನಿಯಲ್ಲಿ. ಸಾಂಬಾಲ್ ಅನ್ನುತ್ತಾರೆ, ಹೆಚ್ಚಿನದರಲ್ಲಿ ಸಿಗಡಿ ಅರೆದ ತೆರಾಸಿ ಹಾಕಿರುತ್ತಾರೆ. ಸೊಪ್ಪಿನ ಪಲ್ಯದಲ್ಲೂ ಇರಬಹುದು. "ತಾನ್ಪಾ ದಾಗಿಂಗ್, ತಾನ್ಪಾ ತೆರಾಸಿ" ಅಂದರೆ ಮಾಂಸ ಬೇಡ, ತೆರಾಸಿ ಬೇಡ ಅಂತ. ಹೆಂಡತಿ ಇದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದಳು. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ದೊಡ್ಡ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿಟ್ಟು ಬೆಂಗಳೂರಿನ ತಪಾಸಣೆಯಲ್ಲಿ ಒಂದು ಬಾಟಲಿ ಬಿಟ್ಟು ಬಂದೆವು. ಜೀರಿಗೆ ಮಿಡಿ ಅದು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತದಡಿ ಬೋಟು

ಆ ತೆರಾಸಿ ನಾನು ಎರಡು ಕಿಲೋ ತಂದೆ ಭಾವ. ನಮ್ಮ ಒಣಸಿಗಡಿ ಚಟ್ನಿಯ ಅಣ್ಣ ಅದು.

ಕೋಡಿಬಾಗ ಟೀಚರ್

ಎಲ್ಲರಿಗೂ ದೊಡ್ಡ ನಮಸ್ಕಾರ. ಎಲ್ಲ ಓದಿ ಅಪ್ಪನಿಗೂ ಓದಿ ಹೇಳಿದೆ. ಗೇರುಬೀಜದ ಮಾತಿಗೆ ಜೋರಾಗಿ ನಕ್ಕರು. ಇಜೆನ್ ಕೈಬಿಟ್ಟೆವು. ಮೇ ಎರಡನೇ ವಾರ ಬ್ರೊಮೊ. ಪೆನಂಜಾಕನ್‌ನಿಂದ ನೋಡುವುದು ಖಂಡಿತ, ಮೆಟ್ಟಿಲು ಹತ್ತುವುದು ಆ ದಿನದ ಗಾಳಿ ನೋಡಿ. ವಾಪಸ್ ಟಿಕೆಟಿಗೂ ಶಾಲೆಗೂ ನಡುವೆ ಹತ್ತು ದಿನ ಇದೆ. ಟಿಕೆಟ್ ಮಾಡಿದ ಅರ್ಧ ಗಂಟೆಯಲ್ಲಿ ಇನ್ಶೂರೆನ್ಸ್ ಮಾಡಿಸಿದೆ. ಸ್ವೆಟರ್ ನಮ್ಮ ಮನೆಯಲ್ಲಿ ನಿಜವಾಗಿ ಒಂದೂ ಇಲ್ಲ.

ಕುಮಟಾ ಡಾಕ್ಟರ್

ಹೊರಡುವ ಎರಡು ವಾರ ಮೊದಲು ಅವರ ಡಾಕ್ಟರಿಗೆ ಒಮ್ಮೆ ತೋರಿಸಿ. ತಣ್ಣನೆ ಒಣ ಗಾಳಿಗೂ ಉಬ್ಬಸ ಏಳುತ್ತದೆ, ಮೂಗು-ಬಾಯಿ ಮಫ್ಲರ್‌ನಿಂದ ಮುಚ್ಚಿಕೊಳ್ಳಲಿ. ಜೀಪುಗಳ ದೂಳು ಬೇರೆ. ಎನ್95 ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಕೋಡಿಬಾಗ ಟೀಚರ್

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಹೋಗಿ ಬಂದೆವು.

ಹಿಂದಿನ ರಾತ್ರಿ ಹಂತ ನೋಡಿದೆ, ದೂರವನ್ನೂ ನೋಡಿದೆ. ಆ ದೂರದ ಒಳಗೆ ಹೋಗುವುದು ಬೇಡ ಅಂತ ನಾನೂ ನಮ್ಮೆಜಮಾನರೂ ಮಾತಾಡಿಕೊಂಡೆವು. ಡ್ರೈವರ್ "ಎಲ್ಲರೂ ಹೋಗುತ್ತಾರೆ, ಏನಾಗುವುದಿಲ್ಲ" ಅಂದ. ಒಳ್ಳೇ ಹುಡುಗ, ಅವನ ಹೊಟ್ಟೆಪಾಡು ಅದು. ಅಪ್ಪನ ಕಡೆ ನೋಡಿದೆ. ಅವರು, "ಚೀಫ್ ಎಂಜಿನಿಯರ್ ಬೇಡ ಅಂದರೆ ಬೇಡ" ಅಂದರು. ನಾನೇ ಚೀಫ್ ಎಂಜಿನಿಯರ್ ಅಂತೆ.

ಪೆನಂಜಾಕನ್ ಮೇಲೆ ಎರಡು ಬಾಡಿಗೆ ಜಾಕೆಟ್, ಮಂಕಿ ಕ್ಯಾಪ್, ಅದರ ಮೇಲೆ ಅಮ್ಮನ ಹಳೇ ಶಾಲು ಹೊದ್ದು ಅಪ್ಪ ಕಬ್ಬಿಣದ ಬೇಲಿ ಹಿಡಿದು ನಿಂತರು. ಬೆಳಕು ಬಂತು, ಬಾತೊಕ್ ಕಂಡಿತು, ಪಕ್ಕದಲ್ಲಿ ಹೊಗೆ ಬಿಡುವ ಬ್ರೊಮೊ ಕಂಡಿತು. ಸುತ್ತ ಇನ್ನೂರು ಜನ ಫೋನ್ ಎತ್ತಿ ಹಿಡಿದಿದ್ದರು. ಅಪ್ಪ ಮಾತಾಡಲಿಲ್ಲ. ಕಣ್ಣಲ್ಲಿ ನೀರು ನೋಡಿ ನನಗೂ ಗಂಟಲು ಕಟ್ಟಿತು. ಆಮೇಲೆ ಗೊತ್ತಾಯಿತು, ಅದು ಚಳಿಗೆ.

ಕೆಳಗೆ ಮರಳು ಬಯಲಿನಲ್ಲಿ ಜೀಪಿನ ನೆರಳಿಗೆ ಕೂತು ನೂಡಲ್ಸ್ ತಿಂದೆವು. ಅಪ್ಪ ಒಂದು ಮುಷ್ಟಿ ಆ ಬೂದುಮರಳು ಎತ್ತಿ ಬೆರಳುಗಳ ನಡುವೆ ಉಜ್ಜಿ ನೋಡಿದರು, ಎಂಜಿನ್ ಎಣ್ಣೆ ಪರೀಕ್ಷೆ ಮಾಡುವ ಹಾಗೆ. "ಇದು ಬೇರಿಂಗ್ ತಿನ್ನುತ್ತದೆ" ಅಂದರು. ಅಷ್ಟು ಹೊತ್ತಿಗೆ ಅವರು ಹೇಳಿದ ದೊಡ್ಡ ಮಾತು ಅದೊಂದೇ. ಇನ್ಹೇಲರ್ ಒಂದು ಸಲ ಬೇಕಾಯಿತು, ಜೇಬಿನಲ್ಲೇ ಇತ್ತು.

ವಿಮಾನದಲ್ಲಿ ಕೇಳಿದೆ, ಅಪ್ಪ ಹೇಗಿತ್ತು? ಚೆಂದ ಇತ್ತು ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಕೆಂಪು ಇರಲಿಲ್ಲ" ಅಂದರು.

ಕಲ್ಲು ಬಡಿಯುವವರು ಮೊದಲೇ ಹೇಳಿದ್ದರು ಅಂತ ನೆನಪಿಸಿದೆ.

ಕಲ್ಲು ಬಡಿಯುವವ

ಓದಿ ಖುಷಿಯಾಯಿತು ಟೀಚರ್. ಕೆಂಪು ಬೇಕಾದರೆ ಇಟಲಿಯ ಸ್ಟ್ರಾಂಬೊಲಿ ಇದೆ. ಸಮುದ್ರದ ನಡುವೆ ಎದ್ದು ನಿಂತ ಬೆಟ್ಟ, 924 ಮೀಟರ್. ದಿನದಲ್ಲಿ ಎಷ್ಟೋ ಸಲ ಕೆಂಪು ಚಿಮ್ಮಿಸುತ್ತದೆ. ಹಳೇ ನಾವಿಕರು ಅದನ್ನು ಮೆಡಿಟರೇನಿಯನ್ನಿನ ದೀಪಸ್ತಂಭ ಅನ್ನುತ್ತಿದ್ದರು. 2019ರಲ್ಲಿ ಜೋರಾಗಿ ಸಿಡಿದು ಚಾರಣಕ್ಕೆ ಹೋದ ಒಬ್ಬರು ಸತ್ತ ಮೇಲೆ ತುದಿಗೆ ಬಿಡುವುದಿಲ್ಲ. ರಾತ್ರಿ ದೋಣಿಯಲ್ಲಿ ಕರೆದುಕೊಂಡು ಹೋಗಿ ನೀರಿನಿಂದಲೇ ತೋರಿಸುತ್ತಾರೆ. ಆದರೆ ಮೂರು ಲಕ್ಷದಲ್ಲಿ ಆಗುವುದಿಲ್ಲ, ವೀಸಾವೂ ಇಷ್ಟು ಸಲೀಸಲ್ಲ.

ಕೋಡಿಬಾಗ ಟೀಚರ್

ಇದನ್ನು ಅಪ್ಪನಿಗೆ ಓದಿ ಹೇಳಬಾರದಿತ್ತು ಸರ್. ಅವರು 1988ರಲ್ಲಿ ನೇಪಲ್ಸ್ ಬಂದರಿಗೆ ಹೋಗಿದ್ದರಂತೆ. ಆ ದೀಪಸ್ತಂಭದ ಮಾತು ಹಡಗಿನಲ್ಲಿ ಕೇಳಿದ್ದರಂತೆ. ಅವರ ಪಾಳಿ ಕೆಳಗೆ ಇತ್ತಂತೆ, ನೋಡಲು ಆಗಲಿಲ್ಲವಂತೆ. ಈ ಕಥೆ ಮಾತ್ರ ನಾನು ಇದೇ ಮೊದಲು ಕೇಳಿದ್ದು.

ಇಟಲಿ ವೀಸಾಕ್ಕೆ ಎಷ್ಟು ತಿಂಗಳು ಮೊದಲು ಅರ್ಜಿ ಹಾಕಬೇಕು? ಯಾರಾದರೂ ಹೇಳಿ.